ಹೊಲಿಗೆ ಬಿಚ್ಚಿದ ಮೇಲೆ ಕೈಗೆ ಏನಾಗುತ್ತೆ? ಹ್ಯಾಂಡ್ ಥೆರಪಿಯ ಹಿಂದಿರುವ ಕುಷ್ಠರೋಗದ ಕಥೆ

ಇವತ್ತಿನ ಎಪಿಸೋಡಿನ ವಿಷಯ ಕೈ. ನೀವೀಗ ಫೋನ್ ಹಿಡ್ಕೊಂಡಿದ್ದೀರಲ್ಲ, ಅದೇ ಕೈ.

ಕೈಗೆ ಪೆಟ್ಟಾದರೆ ಆಪರೇಷನ್ ಮಾಡುವ ಡಾಕ್ಟರು ಇದ್ದಾರೆ ಅಂತ ನಮಗೆ ಗೊತ್ತು. ಎಣ್ಣೆ ಹಾಕಿ ಉಜ್ಜುವವರೂ ಗೊತ್ತು. ಇವರಿಬ್ಬರ ನಡುವೆ ‘ಹ್ಯಾಂಡ್ ಥೆರಪಿಸ್ಟ್’ ಅಂತ ಒಬ್ಬರು ಇರ್ತಾರೆ, ಬರೀ ಕೈಯನ್ನೇ ನೋಡ್ತಾರೆ ಅಂದ್ರೆ ನಮ್ಮ ಉಪ್ಪುಂದದ ಕಡೆ ಜನ ನಗ್ತಾರೆ. "ಎಂತ ಮಾರ್ರೆ, ಬೆರಳು ಮಡ್ಚೂದು ಕಲ್ಸುಕೂ ಒಬ್ರ್ ಬೇಕಾ?" ಅಂತ ನನಗೇ ಒಬ್ಬರು ಕೇಳಿದ್ರು. ಪ್ರಶ್ನೆ ಸರಿಯಾಗೇ ಇದೆ. ಉತ್ತರ ಹುಡುಕ್ತಾ ಹೋದರೆ ಅದು ಸಿಗೋದು 1940ರ ದಶಕದ ಕೊನೆಯಲ್ಲಿ, ತಮಿಳುನಾಡಿನ ಕುಷ್ಠರೋಗದ ವಾರ್ಡುಗಳಲ್ಲಿ. ಇಡೀ ಜಗತ್ತು ಇಂದು ಬಳಸುವ ಈ ವಿದ್ಯೆಯ ದೊಡ್ಡ ಭಾಗ ರೂಪುಗೊಂಡಿದ್ದು ಯಾರೂ ಮುಟ್ಟಲು ಒಪ್ಪದ ಕೈಗಳ ಮೇಲೆ.

ಕಥೆಗೆ ಹೋಗುವ ಮೊದಲು ಒಂದು ಸಣ್ಣ ಪಾಠ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಚರ್ಮದ ಕೆಳಗಿರುವ ಉದ್ದುದ್ದ ವಸ್ತುಗಳಿಗೆಲ್ಲ ಒಂದೇ ಹೆಸರು: ನರ. ರಕ್ತ ಹರಿಯೋದೂ ನರ, ಸ್ಪರ್ಶ ತಿಳಿಸೋದೂ ನರ, ಬೆರಳು ಎಳೆಯೋದೂ ನರ. ಕತ್ತಿ ತಾಗಿದಾಗ "ನರ ಕಟ್ಟಾಯ್ತು" ಅಂದ್ರೆ ಯಾವುದು ಅಂತ ಗೊತ್ತಾಗೋದೇ ಇಲ್ಲ. ಬೆರಳು ಎಳೆಯುವ ಹಗ್ಗ ಬೇರೆ, ಅದಕ್ಕೆ ಇಂಗ್ಲಿಷಿನಲ್ಲಿ ಟೆಂಡನ್ ಅಂತಾರೆ. ಇವತ್ತು ನಾನು ಟೆಂಡನ್ ಅಂತಲೇ ಹೇಳ್ತೀನಿ.

ಕೈರಂಪಣಿ ಎಳೆಯೋದನ್ನ ನೋಡಿದ್ದೀರಲ್ಲ? ಬಲೆ ಇರೋದು ಸಮುದ್ರದಲ್ಲಿ. ಎಳೆಯುವ ಜನ ನಿಂತಿರೋದು ದಂಡೆಯ ಮರಳಲ್ಲಿ. ನಡುವೆ ಉದ್ದ ಹಗ್ಗ. ನಮ್ಮ ಕೈಯೂ ಹಾಗೇ. ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳು ಬೆರಳಲ್ಲಿ ಇಲ್ಲವೇ ಇಲ್ಲ, ಮುಂಗೈಯಲ್ಲಿವೆ, ಮೊಣಕೈಗೂ ಮಣಿಕಟ್ಟಿಗೂ ನಡುವೆ. ಅಲ್ಲಿಂದ ಟೆಂಡನ್ ಎಂಬ ಹಗ್ಗ ಹೊರಟು, ಅಂಗೈ ದಾಟಿ, ಬೆರಳಿನ ಒಳಗಿನ ಇಕ್ಕಟ್ಟಾದ ಕೊಳವೆಯಲ್ಲಿ ಜಾರಿ ತುದಿ ಮುಟ್ಟುತ್ತೆ. ಅಂಗೈಯೊಳಗೆ ಬೇರೆ ಸಣ್ಣ ಸ್ನಾಯುಗಳಿವೆ. ಸೂಜಿಗೆ ದಾರ ಪೋಣಿಸೋದು, ಮಲ್ಲಿಗೆ ಕಟ್ಟೋದು, ಅನ್ನ ಕಲಸಿ ತುತ್ತು ಮಾಡೋದು, ಇಂಥ ನಾಜೂಕಿನ ಕೆಲಸಕ್ಕೆ ಇವು ಬೇಕು. ಈ ಎರಡು ಗುಂಪು ಬೇರೆ ಬೇರೆ ಅನ್ನೋದನ್ನ ನೆನಪಿಟ್ಕೊಳ್ಳಿ. ಮುಂದಿನ ಕಥೆ ನಿಂತಿರೋದೇ ಇದರ ಮೇಲೆ.

ಈಗ ಕುಷ್ಠಕ್ಕೆ ಬರೋಣ. ನಮ್ಮ ಕರಾವಳಿಗೂ ಈ ರೋಗದ ಹಳೇ ನಂಟಿದೆ. ಜರ್ಮನಿಯಿಂದ ಮಂಗಳೂರಿಗೆ ಬಂದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಅಂತಲೇ ಆಸ್ಪತ್ರೆ ಕಟ್ಟಿದರು. ಅದೇ ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು. ಆದರೆ ಆ ಕಾಲದಲ್ಲಿ ಇಂಥ ಜಾಗಗಳಲ್ಲಿ ಸಿಗುತ್ತಿದ್ದದ್ದು ಮುಖ್ಯವಾಗಿ ಊಟ, ಆಶ್ರಯ, ಗಾಯಕ್ಕೆ ಪಟ್ಟಿ. ಬೆರಳು ಹಕ್ಕಿಯ ಉಗುರಿನಂತೆ ಮುದುಡಿದರೆ, ಉದುರಿದರೆ, ಅದು ರೋಗದ ಸ್ವಭಾವ, ಮಾಂಸ ಕೊಳೆಯುತ್ತೆ ಅಷ್ಟೇ ಅಂತ ಜನ ನಂಬಿದ್ದರು. ಜನ ಮಾತ್ರ ಯಾಕೆ, ಡಾಕ್ಟರುಗಳೂ ನಂಬಿದ್ದರು.

1947ರಲ್ಲಿ ಪಾಲ್ ಬ್ರ್ಯಾಂಡ್ ಎಂಬ ಯುವ ಮೂಳೆ ಸರ್ಜನ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ ಚೆಂಗಲ್‌ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಇಂಗ್ಲಿಷ್ ದಂಪತಿಗೆ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು ಇವರು. ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಕಾಕ್ರೇನ್ ಚರ್ಮದ ತಜ್ಞ. ಅವರು ಮಚ್ಚೆ ತೋರಿಸ್ತಾ ಇದ್ದರು, ಬ್ರ್ಯಾಂಡ್ ಕೈಗಳನ್ನು ನೋಡ್ತಾ ಇದ್ದರು. ಈ ಕೈಗಳು ಯಾಕೆ ಹೀಗೆ ಮುದುಡಿವೆ, ಮೂಳೆ ತಜ್ಞರು ಯಾರಾದರೂ ಅಧ್ಯಯನ ಮಾಡಿದ್ದಾರಾ ಅಂತ ಕೇಳಿದರೆ ಕಾಕ್ರೇನ್ ಬಳಿ ಹೆಸರಿಸಲು ಒಬ್ಬರೂ ಇರಲಿಲ್ಲ. ಲಕ್ಷಗಟ್ಟಲೆ ಜನರ ಕೈ ಹಾಳಾಗ್ತಿದೆ, ಒಬ್ಬ ಮೂಳೆ ಡಾಕ್ಟರೂ ಹತ್ತಿರ ಬಂದಿಲ್ಲ!

ಅಲ್ಲೇ ಬ್ರ್ಯಾಂಡ್ ಒಬ್ಬ ರೋಗಿಯ ಮುದುಡಿದ ಕೈಯೊಳಗೆ ತಮ್ಮ ಕೈ ಇಟ್ಟು "ಹಿಸುಕು" ಅಂದರು. ಸತ್ತ ಕೈ, ಶಕ್ತಿ ಇರಲಾರದು ಅಂದುಕೊಂಡಿದ್ದರು. ಹಿಡಿತ ಎಷ್ಟು ಬಿಗಿಯಾಗಿತ್ತು ಅಂದ್ರೆ ನೋವು ತಡೆಯೋಕಾಗದೆ ಬಿಡು ಅನ್ನಬೇಕಾಯ್ತು. ರೋಗಿಗೆ ತಾನು ನೋವು ಮಾಡ್ತಿದ್ದೀನಿ ಅನ್ನೋದೇ ಗೊತ್ತಿರಲಿಲ್ಲ, ಯಾಕಂದ್ರೆ ಆ ಕೈಗೆ ಸ್ಪರ್ಶವಿಲ್ಲ.

ನಮ್ಮ ರಂಪಣಿಗೆ ಇದನ್ನ ಹೊಂದಿಸಿ ನೋಡಿ. ದಂಡೆಯಲ್ಲಿ ನಿಂತವರು ಗಟ್ಟಿಮುಟ್ಟಾಗಿದ್ದಾರೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಮಾತ್ರ ಪಾರ್ಶ್ವವಾಯು ಹೊಡೆದಂತೆ ಸುಮ್ಮನಾಗಿವೆ. ಸಮತೋಲ ತಪ್ಪಿ ಬೆರಳು ಮುದುಡಿದೆ. ಹಾಗಿದ್ದರೆ ಮುಂಗೈಯ ಒಂದು ಆರೋಗ್ಯವಂತ ಸ್ನಾಯುವಿನ ಹಗ್ಗವನ್ನು ಬೇರೆ ದಾರಿಯಲ್ಲಿ ತಂದು ಬೆರಳಿಗೆ ಕಟ್ಟಿದರೆ? 1948ರಲ್ಲಿ ವೆಲ್ಲೂರಿನಲ್ಲಿ ಆಪರೇಷನ್ ಶುರುವಾಯ್ತು. ನಂತರದ ವರ್ಷಗಳಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಒಂದು ಸ್ನಾಯುವಿನ ಟೆಂಡನ್‌ಗೆ ನಾಲ್ಕು ಬಾಲದಂತೆ ಜೋಡಣೆ ಕೊಟ್ಟು ನಾಲ್ಕು ಬೆರಳಿಗೆ ಕಟ್ಟುವ ವಿಧಾನವೂ ಬಂತು.

ಸರ್ಜನ್ ಕಥೆ ಇಲ್ಲಿಗೆ ನಿಲ್ಲಿಸ್ತೀನಿ. ಸಾಮಾನ್ಯವಾಗಿ ಎಲ್ಲರೂ ಹೇಳೋದು ಇಷ್ಟನ್ನೇ: ಮಹಾನ್ ಡಾಕ್ಟರು ಬಂದರು, ಕೈ ನೆಟ್ಟಗಾಯ್ತು, ಮುಗೀತು. ನನಗೆ ಮುಖ್ಯ ಅನ್ನಿಸೋದು ಆಪರೇಷನ್ ಥಿಯೇಟರಿನ ಹೊರಗೆ ನಡೆದದ್ದು.

ಮೊದಲನೇ ತೊಂದರೆ ಏನಂದ್ರೆ, ವರ್ಷಗಟ್ಟಲೆ ಮುದುಡಿದ ಬೆರಳಿನ ಕೀಲು ಹಂದಾಡೋದೇ ಇಲ್ಲ. ಕೀಲು ಗಟ್ಟಿಯಾಗಿದ್ದರೆ ಎಷ್ಟು ಒಳ್ಳೇ ಹಗ್ಗ ಕಟ್ಟಿದರೂ ಏನು ಪ್ರಯೋಜನ? ತುಕ್ಕು ಹಿಡಿದ ಕದಕ್ಕೆ ಹೊಸ ಚಿಲಕ ಹಾಕಿದ ಹಾಗೆ. ಆದ್ದರಿಂದ ಆಪರೇಷನ್ನಿಗೆ ಮೊದಲೇ ವಾರಗಟ್ಟಲೆ ಎಣ್ಣೆ, ಬಿಸಿ ಮೇಣ, ವ್ಯಾಯಾಮ. ಬೆರಳಿಗೆ ಪ್ಲಾಸ್ಟರಿನ ತೆಳು ಕೊಳವೆ ಹಾಕೋದು, ಕೆಲವು ದಿನ ಬಿಟ್ಟು ತೆಗೆಯೋದು, ಒಂದಿಷ್ಟೇ ನೆಟ್ಟಗೆ ಮಾಡಿ ಮತ್ತೆ ಹಾಕೋದು. ಮಕ್ಕಳ ಸೊಟ್ಟ ಪಾದ ಸರಿಮಾಡುವಾಗ ಬ್ರ್ಯಾಂಡ್ ಕಲಿತ ಸೂತ್ರ ಇದು. ಜೋರಾಗಿ ಎಳೆದರೆ ಒಳಗೆ ಹರಿದು ಗಾಯವಾಗಿ ಇನ್ನೂ ಗಟ್ಟಿಯಾಗುತ್ತೆ, ಮೆಲ್ಲಗೆ ಬಹಳ ಹೊತ್ತು ಹಿಡಿದಿಟ್ಟರೆ ಅಂಗಾಂಶವೇ ಬೆಳೆದು ಉದ್ದವಾಗುತ್ತೆ. ಹ್ಯಾಂಡ್ ಥೆರಪಿಯಲ್ಲಿ ಈಗಲೂ ನಡೆಯೋದು ಇದೇ ಲೆಕ್ಕಾಚಾರ. ಕೈ ಗಟ್ಟಿಯಾದಾಗ "ಯಾರಾದರೂ ಜೋರಾಗಿ ಎಳೆದು ಬಿಡಿಸಲಿ" ಅನ್ನೋರಿಗೆ ಈ ಮಾತು ಕೇಳಿಸಿ, ದಯವಿಟ್ಟು.

ಎರಡನೇ ತೊಂದರೆ ತಲೆಯೊಳಗಿನದು. ಇಪ್ಪತ್ತು ಮೂವತ್ತು ವರ್ಷ ಮಣಿಕಟ್ಟು ಎತ್ತುತ್ತಿದ್ದ ಸ್ನಾಯು ಈಗ ಬೆರಳಿಗೆ ಕೆಲಸ ಮಾಡಬೇಕು. ಆಪರೇಷನ್ ಆಗಿದೆ ಅಂತ ಮೆದುಳಿಗೆ ಯಾರು ಹೇಳ್ತಾರೆ? "ಮಣಿಕಟ್ಟು ಎತ್ತು" ಅಂತ ಯೋಚಿಸಿದರೆ ಬೆರಳು ಅಲ್ಲಾಡುತ್ತೆ. ದಿನಾ ಕೂತು ಅಭ್ಯಾಸ ಮಾಡಿ ಹೊಸ ಸಂಬಂಧ ಕಟ್ಟಬೇಕು. ಆಪರೇಷನ್ನಿನ ಹೊಲಿಗೆಗೆ ಒಂದೆರಡು ಗಂಟೆ ಸಾಕು, ಇದಕ್ಕೆ ವಾರಗಳು ಬೇಕು. ವೆಲ್ಲೂರಿನಲ್ಲಿ ಈ ಕೆಲಸ ಕಟ್ಟಿದವರಲ್ಲಿ ರೂತ್ ಥಾಮಸ್ ಎಂಬ ಫಿಸಿಯೋಥೆರಪಿಸ್ಟ್ ಪ್ರಮುಖರು. ತಾವೇ ರೋಗಿಗಳಾಗಿದ್ದ ಯುವಕರೂ ಈ ವಿದ್ಯೆ ಕಲಿತು ಬೇರೆ ರೋಗಿಗಳ ಕೈ ಹಿಡಿದರು.

ಇನ್ನೊಂದು ಸಂಗತಿ ಇದೆ, ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1951ರಲ್ಲಿ ವೆಲ್ಲೂರಿನಲ್ಲಿ ‘ನವ ಜೀವ ನಿಲಯಂ’ ಅಂತ ಒಂದು ಪುಟ್ಟ ಬಡಾವಣೆ ಶುರುವಾಯ್ತು. ಕೈ ಸರಿಯಾದವರು ಅಲ್ಲಿ ಮರಗೆಲಸ ಕಲಿಯುತ್ತಿದ್ದರು. ಬೆರಳುಗಳಲ್ಲಿ ಮತ್ತೆ ಮತ್ತೆ ಗಾಯ. ರೋಗದಿಂದ ಕೊಳೆಯುತ್ತಿದೆ ಅನ್ನೋ ಹಳೇ ನಂಬಿಕೆ ಒಪ್ಪದೆ ಪ್ರತಿಯೊಂದು ಗಾಯಕ್ಕೂ ಕಾರಣ ಹುಡುಕಿದರು. ಬಿಸಿ ಪಾತ್ರೆ, ಸುತ್ತಿಗೆಯ ಹಿಡಿ, ತುಕ್ಕು ಹಿಡಿದ ಬೀಗದ ಕೀಲಿ ತಿರುಗಿಸುವಾಗ ಹರಿದ ಚರ್ಮ. ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರವಾಗದ ಪ್ರಕರಣವೂ ಇತ್ತು. ಬೆರಳು ಹೋಗ್ತಿದ್ದದ್ದು ನೋವು ಗೊತ್ತಾಗದೆ ಆದ ಪೆಟ್ಟುಗಳಿಂದ. ಅಂದ್ರೆ ತಡೆಯಬಹುದಾಗಿತ್ತು, ಶತಮಾನಗಳಿಂದಲೂ. ಉಪಕರಣದ ಹಿಡಿ ಬದಲಿಸೋದು, ದಿನಾ ಸಂಜೆ ಕೈ ಪರೀಕ್ಷೆ ಮಾಡ್ಕೊಳ್ಳೋದು, ಇವೇ ಚಿಕಿತ್ಸೆಯಾದವು. ಹ್ಯಾಂಡ್ ಥೆರಪಿಸ್ಟ್ ಇವತ್ತಿಗೂ ನಿಮ್ಮ ಬೆರಳಿನ ಜತೆಗೆ ನಿಮ್ಮ ಕೆಲಸದ ಬಗ್ಗೆಯೂ ಕೇಳ್ತಾರೆ: ಏನು ಹಿಡೀತೀರಿ, ಎಷ್ಟು ಹೊತ್ತು, ಹೇಗೆ ಕೂತ್ಕೊಳ್ತೀರಿ ಅಂತ.

ಕನ್ನಡನಾಡಿನವರು ಈ ಕಥೆಯಲ್ಲಿ ಇಲ್ವಾ ಅಂದ್ರೆ, ಇದ್ದಾರೆ. 1922ರಲ್ಲಿ ಹುಬ್ಬಳ್ಳಿಯಲ್ಲಿ ಪಾರ್ಸಿ ಮನೆಯಲ್ಲಿ ಹುಟ್ಟಿದ ನೋಶಿರ್ ಆಂಟಿಯಾ. ಪ್ಲಾಸ್ಟಿಕ್ ಸರ್ಜನ್ ಆಗಿ ಪುಣೆ ಹತ್ತಿರದ ಕೊಂಢ್ವಾದಲ್ಲಿ, ಆಮೇಲೆ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ಮುಖ, ಕೈ ಸರಿಪಡಿಸಿದವರು. 1990ರಲ್ಲಿ ಪದ್ಮಶ್ರೀ ಬಂತು. ಹಳ್ಳಿಯ ಸಾಮಾನ್ಯ ಹೆಂಗಸರಿಗೆ ತರಬೇತಿ ಕೊಟ್ಟರೆ ಆರೋಗ್ಯದ ಬಹುಪಾಲು ಕೆಲಸ ಅವರೇ ಮಾಡಬಲ್ಲರು ಅಂತ ಕೊನೆವರೆಗೂ ವಾದ ಮಾಡ್ತಿದ್ದರು. ಅವರ ಬಗ್ಗೆಯೇ ಒಂದು ಪೂರ್ತಿ ಎಪಿಸೋಡ್ ಮಾಡಬಹುದು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಏನಾಗ್ತಿತ್ತು? ಎರಡನೇ ಮಹಾಯುದ್ಧದಲ್ಲಿ ಕೈಗೆ ಗಾಯವಾದ ಸೈನಿಕರಿಂದ ಅಲ್ಲಿ ಕೈ ಸರ್ಜರಿ ಬೆಳೆಯಿತು. ಅದರ ಗುರು ಸ್ಟರ್ಲಿಂಗ್ ಬನ್ನೆಲ್. ಬೆರಳಿನ ಇಕ್ಕಟ್ಟು ಕೊಳವೆಯೊಳಗೆ ಎರಡು ಟೆಂಡನ್ ಒಟ್ಟಿಗೆ ಜಾರುವ ಜಾಗ ಇದೆಯಲ್ಲ, ಅದಕ್ಕೆ ಅವರು ಯುದ್ಧಭೂಮಿಯ ಭಾಷೆಯಲ್ಲೇ ‘ನೋ ಮ್ಯಾನ್ಸ್ ಲ್ಯಾಂಡ್’ ಅಂದರು, ಯಾರೂ ಕಾಲಿಡಬಾರದ ಜಾಗ. ಅಲ್ಲಿ ಟೆಂಡನ್ ತುಂಡಾದರೆ ಕೂಡಲೇ ಹೊಲಿಯಬೇಡಿ, ಗೋಡೆಗೆ ಅಂಟಿಕೊಳ್ಳುತ್ತೆ ಅನ್ನೋದು ಆಗಿನ ಉಪದೇಶ. 1967ರಲ್ಲಿ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಮತ್ತು ಜತೆಗಾರರು ಹೊಲಿದೂ ತೋರಿಸಿದರು, ಬೆರಳು ಆಡಿಸಿಯೂ ತೋರಿಸಿದರು. ಗುಟ್ಟು ಇದ್ದದ್ದು ಹೊಲಿಗೆಯ ನಂತರ ಉಗುರಿಗೆ ಕಟ್ಟಿದ ಒಂದು ರಬ್ಬರ್ ಬ್ಯಾಂಡಿನಲ್ಲಿ! ರೋಗಿ ಬೆರಳನ್ನು ತಾನೇ ನೆಟ್ಟಗೆ ಮಾಡ್ತಾನೆ, ರಬ್ಬರ್ ವಾಪಸ್ ಮಡಚುತ್ತೆ, ಹೊಲಿದ ಹಗ್ಗದ ಮೇಲೆ ಜಗ್ಗಾಟ ಬೀಳಲ್ಲ, ಆದರೂ ಅದು ಜಾರ್ತಾ ಇರುತ್ತೆ, ಅಂಟಿಕೊಳ್ಳಲ್ಲ. ಇದನ್ನು ದಿನಾ ನೋಡಿಕೊಳ್ಳೋಕೆ ಸರ್ಜನ್‌ಗೆ ಪುರುಸೊತ್ತಿಲ್ಲ. ಕೈಯನ್ನೇ ಕಲಿತ ಥೆರಪಿಸ್ಟ್ ಬೇಕಾಯ್ತು. 1977ರಲ್ಲಿ ಅಲ್ಲಿ ಹ್ಯಾಂಡ್ ಥೆರಪಿಸ್ಟರ ಸಂಘ ಹುಟ್ಟಿತು.

ಬ್ರ್ಯಾಂಡ್ ಕೂಡ 1966ರಲ್ಲಿ ಲೂಸಿಯಾನಾದ ಕಾರ್ವಿಲ್ ಎಂಬಲ್ಲಿಯ ಕುಷ್ಠರೋಗ ಆಸ್ಪತ್ರೆಗೆ ಹೋಗಿ ಸೇರಿದ್ದರು. ಹಾಗಾಗಿ ವೆಲ್ಲೂರಿನ ವಿದ್ಯೆಯೂ ಅಲ್ಲಿಗೆ ತಲುಪಿತು. ಕೈಯ ಊತ ಅಳೆಯೋಕೆ ನೀರು ತುಂಬಿದ ಪಾತ್ರೆಯಲ್ಲಿ ಕೈ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯುವ ಸಾಧನ ಅಲ್ಲಿಂದ ಪ್ರಚಾರಕ್ಕೆ ಬಂತು. ಸ್ಪರ್ಶ ಎಷ್ಟಿದೆ ಅಂತ ನೋಡೋಕೆ ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳನ್ನು ಬೆರಳ ತುದಿಗೆ ಒತ್ತಿ ಬಾಗಿಸೋ ಪರೀಕ್ಷೆ ಇದೆ. ಒಂದು ಕಾಲದಲ್ಲಿ ಅದಕ್ಕೆ ಕುದುರೆ ಕೂದಲು ಬಳಸ್ತಿದ್ದರು. ನೈಲಾನ್ ಎಳೆ ಅಂದ್ರೆ ಎಂತದು ಕಾಣಿ, ನಮ್ಮ ಗಾಳ ಹಾಕುವ ತಂಗೂಸೇ! ಕುಷ್ಠರೋಗದ ಕೈಕಾಲಿಗೆ ಬಳಸಿದ ಅದೇ ಎಳೆಯನ್ನು ಈಗ ಸಕ್ಕರೆ ಕಾಯಿಲೆಯ ತಪಾಸಣೆಯಲ್ಲಿ ಪಾದಕ್ಕೆ ಒತ್ತಿ ನೋಡ್ತಾರೆ.

ಭಾರತದಲ್ಲಿ ಈ ಕೆಲಸ ಎರಡು ಕಡೆಯ ಜನ ಮಾಡ್ತಾರೆ: ಫಿಸಿಯೋಥೆರಪಿ ಓದಿದವರು, ಆಕ್ಯುಪೇಷನಲ್ ಥೆರಪಿ ಓದಿದವರು. ಎರಡನೆಯದನ್ನು ನಮ್ಮ ದೇಶಕ್ಕೆ ತಂದವರು ಅಮೆರಿಕದಲ್ಲಿ ಹುಟ್ಟಿ ಮರಾಠಿ ಮನೆ ಸೇರಿದ ಕಮಲಾ ನಿಂಬಕರ್, 1950ರಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಎರಡೂ ವೃತ್ತಿ ಸೇರಿವೆ. ನಮಗೆ ಹತ್ತಿರ ಅಂದ್ರೆ ಮಣಿಪಾಲ. ಅಲ್ಲಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರದ್ದು. ಆಕ್ಯುಪೇಷನಲ್ ಥೆರಪಿ ಕಲಿಸುವ ವಿಭಾಗವೂ ಮಣಿಪಾಲದಲ್ಲಿದೆ.

ಈಗ ನಮ್ಮೂರಿಗೆ ಬರ್ತೀನಿ. ನನ್ನ ಮಾವ ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ನಾಲ್ಕು ವರ್ಷದ ಹಿಂದೆ ಮಡಿಕಲ್ ದಂಡೆಯಲ್ಲಿ ದೋಣಿ ಎಳೆಯುವಾಗ ಬಲಗೈ ಉಂಗುರ ಬೆರಳಿಗೆ ತಗಡು ಕೊಯ್ದು ಟೆಂಡನ್ ತುಂಡಾಯ್ತು. ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಚೆನ್ನಾಗೇ ಹೊಲಿದರು. ಪ್ಲಾಸ್ಟರ್ ಹಾಕಿ ಒಂದೂವರೆ ತಿಂಗಳು ಬಿಟ್ಟು ಬನ್ನಿ ಅಂದರು. ಥೆರಪಿ ಅನ್ನೋ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಗಾಯ ಮಾಯ್ದಿತ್ತು, ಬೆರಳು ಕೋಲಿನ ಹಾಗೆ ಆಗಿತ್ತು. "ಹ್ವಾಯ್, ಮಡ್ಚೂಕೇ ಆತಿಲ್ಲೆ" ಅಂದರು ಮಾವ. ಬಲೆ ಎಳೆಯುವಾಗ ಆ ಬೆರಳು ಅಡ್ಡ ಬರುತ್ತೆ ಅಂತ ಈಗ ಪಕ್ಕದ ಬೆರಳಿಗೆ ಬಟ್ಟೆ ಸುತ್ತಿ ಕಟ್ಕೊಂಡು ದೋಣಿ ಹತ್ತುತ್ತಾರೆ. ನಾನು ಬಿಕಾಂ ಓದಿದವ, ನನಗೆ ಇದು ಕಾಣೋದೇ ಬೇರೆ ತರ: ಸ್ಥಿರ ಬಂಡವಾಳ ಪೂರ್ತಿ ಸುರಿದು ದುಡಿಯುವ ಬಂಡವಾಳಕ್ಕೆ ಒಂದು ರೂಪಾಯಿ ಇಡದೆ ಅಂಗಡಿ ತೆರೆದ ಹಾಗೆ.

ಮಾವನ ಬೀದಿಯಲ್ಲೇ ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕ ಒಬ್ಬರಿದ್ದಾರೆ. ಅವರಿಗೂ ಇಂಥದ್ದೇ ಗಾಯ, ತೋರುಬೆರಳಿಗೆ, ಮೆಟ್ಟುಗತ್ತಿಯಿಂದ. ಅವರಿಗೆ ಹೊಲಿಗೆ ಹಾಕಿದ ನಾಲ್ಕನೇ ದಿನವೇ ಥೆರಪಿಸ್ಟ್ ಹತ್ತಿರ ಕಳಿಸಿದರು. ಬಿಸಿನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕೈಗೆ ಒತ್ತಿ ಅಳತೆಯ ಸ್ಪ್ಲಿಂಟ್ ಮಾಡಿಕೊಟ್ಟರು. ಆರು ವಾರ ಅದರೊಳಗೇ ಬೆರಳು ಆಡಿಸುವ ವ್ಯಾಯಾಮ, ಗಂಟೆಗೊಮ್ಮೆ. ಆಮೇಲೆ ಬಟ್ಟೆ ಹಿಂಡೋದು, ಕೊನೆಗೆ ಬೀಜ ಹೆಕ್ಕೋದೇ ವ್ಯಾಯಾಮ. ಮೂರು ತಿಂಗಳಿಗೆ ಕೆಲಸಕ್ಕೆ ಹೋದರು. ಬೆರಳು ಪೂರ್ತಿ ಮಡಚಲ್ಲ, ಮುಕ್ಕಾಲು ಮಡಚುತ್ತೆ. ಅಷ್ಟು ಸಾಕು ಅಂತಾರೆ ಅವರು. ಇಬ್ಬರ ಗಾಯವೂ ತದ್ವತ್ ಒಂದೇ ಅಂತ ನಾನು ಹೇಳಲ್ಲ, ಬೆರಳೇ ಬೇರೆ. ಆದರೆ ಆ ಮೊದಲ ವಾರದ ವ್ಯತ್ಯಾಸ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾದರೆ ಯಾವಾಗ ಹೋಗಬೇಕು? ಟೆಂಡನ್ ಹೊಲಿದಿದ್ದರೆ ಮೊದಲ ವಾರದಲ್ಲೇ. ಸರ್ಜನ್ ಹೇಳದೆ ನೀವೇ ಬೆರಳು ಆಡಿಸೋಕೆ ಹೋಗಬೇಡಿ, ಹೊಲಿಗೆ ಕಿತ್ತು ಬರುತ್ತೆ. ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರೆ, ಹೊರಗೆ ಕಾಣುವ ಬೆರಳುಗಳನ್ನು ಮೊದಲ ದಿನದಿಂದ ಆಡಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಹೌದು ಅಂತಾರೆ. ಸ್ಪರ್ಶದ ನರವೇ ತುಂಡಾಗಿ ಹೊಲಿದಿದ್ದರೆ ತಾಳ್ಮೆ ಬೇಕು: ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ತಿಂಗಳುಗಟ್ಟಲೆ. ಅಷ್ಟು ದಿನ ಕೀಲು ಗಟ್ಟಿಯಾಗದ ಹಾಗೆ, ಮರಗಟ್ಟಿದ ಬೆರಳು ಸುಟ್ಟುಕೊಳ್ಳದ ಹಾಗೆ ನೋಡ್ಕೊಳ್ಳೋದು ಥೆರಪಿಸ್ಟ್ ಕೆಲಸ. ನವ ಜೀವ ನಿಲಯಂನ ಪಾಠವೇ ಇದು, ಗಮನಿಸಿದಿರಾ?

ಕ್ರಿಕೆಟ್ ಆಡೋರಿಗೆ ಒಂದು: ಕ್ಯಾಚ್ ಹಿಡಿಯುವಾಗ ಬಾಲ್ ಬೆರಳ ತುದಿಗೆ ಬಡಿದು ಮೊದಲ ಗೆಣ್ಣು ಜೋತುಬಿದ್ದರೆ, ನೋವಿಲ್ಲ ಅಂತ ಬಿಡಬೇಡಿ. ಎಕ್ಸ್‌ರೇ ತೆಗೆಸಿ. ಹೆಚ್ಚಿನ ಸಲ ಆಪರೇಷನ್ ಬೇಕಾಗಲ್ಲ, 6ರಿಂದ 8 ವಾರ ಆ ಗೆಣ್ಣನ್ನು ಹಗಲೂ ರಾತ್ರಿ ನೆಟ್ಟಗೆ ಇಡುವ ಪುಟ್ಟ ಸ್ಪ್ಲಿಂಟ್ ಸಾಕು. ನಡುವೆ ಒಂದೇ ಒಂದು ಸಲ ಬಾಗಿದರೂ ಲೆಕ್ಕ ಮತ್ತೆ ಒಂದರಿಂದ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅಂತ ಎಚ್ಚರವಾಗೋದು, ಮಗುವನ್ನ ಎತ್ತುವಾಗ ಅಥವಾ ಫೋನ್ ಒತ್ತುವಾಗ ಹೆಬ್ಬೆರಳಿನ ಬುಡ ನೋಯೋದು, ಬೆಳಿಗ್ಗೆ ಬೆರಳು ಸಿಕ್ಕಿಹಾಕಿಕೊಂಡು ಟಕ್ ಅಂತ ಬಿಡೋದು, ಇವುಗಳನ್ನೂ ಶುರುವಿನಲ್ಲೇ ತೋರಿಸಿದರೆ ಎಷ್ಟೋ ಸಲ ಸ್ಪ್ಲಿಂಟ್, ಕೆಲಸದ ಬದಲಾವಣೆಯಲ್ಲೇ ಮುಗಿಯುತ್ತೆ. ಸುಟ್ಟ ಗಾಯ, ಪಾರ್ಶ್ವವಾಯು ಆದ ಕೈ, ಇವೂ ಅವರ ಪಟ್ಟಿಯಲ್ಲಿವೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಚು ಅಥವಾ ಕೆಂಪು ಮಚ್ಚೆ ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠಕ್ಕೆ ಈಗ ಪೂರ್ತಿ ಗುಣಪಡಿಸುವ ಮಾತ್ರೆಗಳಿವೆ, ಅವು ಉಚಿತ. ತಡಮಾಡಿದರೆ ಕೈ ಮುದುಡೋದು ಮಾತ್ರ ಅಂದಿನ ಹಾಗೇ ಇಂದೂ ಆಗುತ್ತೆ.

ಉಪ್ಪುಂದದಿಂದ ಮಣಿಪಾಲಕ್ಕೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಒಂದು ದಿನದ ಸಂಬಳ ಹೋಗುತ್ತೆ, ಬಸ್ಸಿನ ಖರ್ಚು ಬೇರೆ, ಅದಕ್ಕೇ ಜನ ಎರಡನೇ ಸಲ ಹೋಗಲ್ಲ. ಇದನ್ನ ಸೋಮಾರಿತನ ಅಂತ ಬೈಯೋದು ಸುಲಭ, ನಾನು ಬೈಯಲ್ಲ. ಆ ಅಕ್ಕ ಮಾಡಿದ್ದು ಏನಂದ್ರೆ, ಮೊದಲ ದಿನವೇ ದೂರದ ಊರು ಅಂತ ಥೆರಪಿಸ್ಟ್‌ಗೆ ಹೇಳಿದ್ದು. ಅವರು ವ್ಯಾಯಾಮವನ್ನು ಅಕ್ಕನ ಫೋನಿನಲ್ಲೇ ವಿಡಿಯೋ ಮಾಡಿಕೊಟ್ಟು, ಎರಡು ವಾರಕ್ಕೊಮ್ಮೆ ಬಂದರೆ ಸಾಕು ಅಂದರು, ಸ್ಪ್ಲಿಂಟ್ ಸಡಿಲವಾದರೆ, ಬೆರಳು ಊದಿದರೆ ಮಾತ್ರ ಕೂಡಲೇ ಬರಬೇಕು ಅಂತ. ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲು ನೀವೂ ಕೇಳಿ: ಬೆರಳು ಆಡಿಸೋದು ಯಾವತ್ತಿಂದ, ಯಾರು ಕಲಿಸ್ತಾರೆ, ಸ್ಪ್ಲಿಂಟ್ ಯಾರು ಮಾಡಿಕೊಡ್ತಾರೆ. "ಥೆರಪಿ ಬೇಡ" ಅಂದರೆ ಯಾಕೆ ಬೇಡ ಅಂತಲೂ ಕೇಳಿ. ಮಾವನಿಗೆ ಈಗ ನಾಲ್ಕು ವರ್ಷದ ಮೇಲೆ ಅಂಟು ಬಿಡಿಸುವ ಇನ್ನೊಂದು ಆಪರೇಷನ್ ಸಾಧ್ಯ ಅಂತ ಸರ್ಜನ್ ಹೇಳಿದ್ದಾರೆ, ಮಾರನೇ ದಿನದಿಂದಲೇ ಥೆರಪಿಗೆ ಬರೋದಾದರೆ ಮಾತ್ರ ಅಂತ ಷರತ್ತು ಹಾಕಿ. ಮಳೆಗಾಲದಲ್ಲಿ ಕಡಲಿಗೆ ಇಳಿಯೋದು ಕಡಿಮೆಯಲ್ಲ, ಆಗ ನೋಡೋಣ ಅಂದಿದ್ದಾರೆ ಮಾವ.